ಹೊಸ ಬೇರಿಂಗ್ ಎರಡೇ ತಿಂಗಳಲ್ಲಿ ಯಾಕೆ ಗುಂಯ್ ಅನ್ನುತ್ತೆ? ಸ್ಪೋರ್ಟ್ಸ್ ಕಾರಿನ ಹಿಂದಿನ ಚಕ್ರ, ಮನೆಯಲ್ಲೇ ರಿಪೇರಿ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನ ಇಲ್ಲಿ ಸ್ವಲ್ಪ ಜೋಡಿಸಿ ಬರೆದಿದ್ದೇನೆ. ವಿಷಯ, ಹಿಂದಿನ ಚಕ್ರದ ಬೇರಿಂಗ್. ಉದಾಹರಣೆಗೆ ತಗೊಂಡಿರೋದು ಠಾಣೆಯ ಗೆಳೆಯರೊಬ್ಬರ ಹಳೇ ಪೋರ್ಷೆ ಬಾಕ್ಸ್‌ಸ್ಟರ್, 986 ತಲೆಮಾರಿನದು. ಹೊರಗಡೆ ದುಡ್ಡು ಕೊಟ್ಟು ಬೇರಿಂಗ್ ಹಾಕಿಸಿದ್ರು, ಎರಡು ತಿಂಗಳಲ್ಲಿ ಮತ್ತೆ ಅದೇ ಸದ್ದು. "ಮಾಲೇ ಡೂಪ್ಲಿಕೇಟ್ ಇರಬೇಕು ಮಾರಾಯ್ರೆ" ಅಂದ್ರು. ಬಿಚ್ಚಿ ನೋಡಿದ್ರೆ ಕಥೆ ಬೇರೆಯೇ ಇತ್ತು.

ಮೊದಲು ಸದ್ದು ಬೇರಿಂಗ್‌ದೇ ಅಂತ ಖಾತ್ರಿ ಮಾಡ್ಕೊಳ್ಳಿ. ಬೆಳಿಗ್ಗೆ ಬೇಗ, ಈಸ್ಟರ್ನ್ ಫ್ರೀವೇಯಂಥ ಖಾಲಿ, ನಯವಾದ ರಸ್ತೆಯಲ್ಲಿ 60ರ ವೇಗದಲ್ಲಿ ಹೋಗಿ. ಟಾರ್ ರಸ್ತೆಯಿಂದ ಕಾಂಕ್ರೀಟಿಗೆ ಬಂದಾಗ ಸದ್ದು ಬದಲಾದ್ರೆ ಅದು ಹೆಚ್ಚಾಗಿ ಟೈರ್. ವೇಗದ ಜೊತೆ ಏರಿ, ರಸ್ತೆ ಬದಲಾದರೂ ಹಾಗೇ ಇದ್ದರೆ ಬೇರಿಂಗ್ ಮೇಲೆ ಅನುಮಾನ. ನಿಧಾನವಾಗಿ ಎಡಕ್ಕೆ ತಿರುಗಿದಾಗ ಗಾಡಿಯ ಭಾರ ಬಲಕ್ಕೆ ಬೀಳುತ್ತೆ. ಆಗ ಸದ್ದು ಜಾಸ್ತಿ ಆದ್ರೆ ಬಲಗಡೆಯದ್ದು ಹೋಗಿದೆ ಅಂತ ಸಾಮಾನ್ಯವಾಗಿ ಲೆಕ್ಕ. ಆಮೇಲೆ ಚಕ್ರ ಎತ್ತಿ, ಒಂದು ಕೈ ಸ್ಪ್ರಿಂಗ್ ಮೇಲಿಟ್ಟು ಇನ್ನೊಂದು ಕೈಯಿಂದ ತಿರುಗಿಸಿ. ಹಾಳಾದ ಬೇರಿಂಗಿನ ಗರಗರ ಸ್ಪ್ರಿಂಗ್‌ನಲ್ಲಿ ಕೈಗೇ ಗೊತ್ತಾಗುತ್ತೆ.

ಮುಂಬೈಯಲ್ಲಿ ಬೇರಿಂಗಿಗೆ ಎರಡು ಶತ್ರು. ಒಂದು, ಗುಂಡಿ. ಚಕ್ರ ಧಡ್ ಅಂತ ಬಿದ್ದಾಗ ಒಳಗಿನ ಉಕ್ಕಿನ ಗುಂಡುಗಳು ತಾವು ಓಡೋ ದಾರಿಯಲ್ಲಿ ಸಣ್ಣ ಕುಳಿ ಮಾಡುತ್ತವೆ. ಇನ್ನೊಂದು, ನೀರು. ಓಡಿ ಬಿಸಿಯಾದ ಹಬ್ ಅಂಧೇರಿ ಸಬ್‌ವೇಯಲ್ಲೋ ಹಿಂದ್‌ಮಾತಾದಲ್ಲೋ ನಿಂತ ಮಳೆನೀರಿಗೆ ಇಳಿದಾಗ, ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತೆ. ಸೀಲ್ ಸವೆದಿದ್ದರೆ ಅದರ ಅಂಚಿನಿಂದ ನೀರನ್ನ ಒಳಗೆ ಎಳ್ಕೊಳ್ಳುತ್ತೆ. ಸ್ಪೋರ್ಟ್ಸ್ ಕಾರು ತಗ್ಗು, ಟೈರ್ ಗೋಡೆ ತೆಳು. ಹೊಡೆತವೂ ಹೆಚ್ಚು, ಮುಳುಗುವುದೂ ಬೇಗ.

ಗೆಳೆಯರ ಬೇರಿಂಗ್‌ನಲ್ಲಿ ತುಕ್ಕಿರಲಿಲ್ಲ, ಗ್ರೀಸ್ ಚೆನ್ನಾಗಿತ್ತು. ಆದರೆ ರೇಸ್ ಸುತ್ತಲೂ ಕುಳಿಗಳು, ಗುಂಡು ಗುಂಡಿನ ನಡುವೆ ಎಷ್ಟು ಅಂತರವೋ ಅಷ್ಟೇ ಅಂತರಕ್ಕೆ ಒಂದೊಂದು, ಅಳತೆ ಹಿಡಿದು ಕೊರೆದ ಹಾಗೆ. ಗುಂಡಿಗೆ ಬಿದ್ದ ಪೆಟ್ಟು ಒಂದು ಬದಿಗೆ ಇರುತ್ತೆ, ಸುತ್ತಲೂ ಸಮನಾಗಿ ಬರೋದಿಲ್ಲ. ಇದು ಹಾಕುವಾಗಲೇ ಆದ ಗಾಯ. ಯಾರೋ ತಪ್ಪು ರಿಂಗ್ ಮೇಲೆ ಒತ್ತಿದ್ದಾರೆ.

ಈ ವಿಡಿಯೋದಿಂದ ಒಂದೇ ಮಾತು ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ: ಒತ್ತುವ ಬಲ ಗುಂಡುಗಳ ಮೂಲಕ ಹಾದು ಹೋಗಬಾರದು. ಬೇರಿಂಗನ್ನ ಕ್ಯಾರಿಯರ್ ಒಳಗೆ ಕೂರಿಸುವಾಗ ಹೊರ ರಿಂಗ್ ಮೇಲೆ ಮಾತ್ರ ಒತ್ತಿ. ಹಬ್ಬನ್ನ ಬೇರಿಂಗ್ ಒಳಗೆ ಎಳೆಯುವಾಗ ಹಿಂದಿನಿಂದ ಒಳ ರಿಂಗಿಗೆ ಆಧಾರ ಕೊಡಿ. ಸುತ್ತಿಗೆ ಬೇಡವೇ ಬೇಡ.

ಈಗ ಕೆಲಸ. ಸೊಸೈಟಿ ಪಾರ್ಕಿಂಗ್‌ನಲ್ಲಿ ಪೇವರ್ ಬ್ಲಾಕ್ ಇದ್ರೆ ಜ್ಯಾಕ್ ಸ್ಟ್ಯಾಂಡ್ ಓರೆಯಾಗುತ್ತೆ. ಸಮತಟ್ಟಾದ ಕಾಂಕ್ರೀಟ್ ಜಾಗವೇ ಬೇಕು. ಬರೀ ಜ್ಯಾಕ್ ನಂಬಿ ಗಾಡಿ ಕೆಳಗೆ ಕೈ ಹಾಕಬೇಡಿ. ಆಕ್ಸಲ್ ನಟ್ಟನ್ನ ಚಕ್ರ ನೆಲದ ಮೇಲಿರುವಾಗಲೇ, ನಡುವಿನ ಕ್ಯಾಪ್ ತೆಗೆದು ಸಡಿಲ ಮಾಡಿ. ಆಮೇಲೆ ಗಾಡಿ ಎತ್ತಿ, ಚಕ್ರ, ಕ್ಯಾಲಿಪರ್, ಡಿಸ್ಕ್ ಬಿಚ್ಚಿ. ಕ್ಯಾಲಿಪರ್ ಬ್ರೇಕ್ ಪೈಪಿನಿಂದ ನೇತಾಡಬಾರದು, ತಂತಿಯಿಂದ ಕಟ್ಟಿ. ಡಿಸ್ಕ್ ಒಳಗೆ ಹ್ಯಾಂಡ್‌ಬ್ರೇಕ್ ಶೂ ಇರುತ್ತೆ, ಹಾಗಾಗಿ ಅಷ್ಟೊತ್ತಿಗೆ ಹ್ಯಾಂಡ್‌ಬ್ರೇಕ್ ಇಳಿಸಿರಬೇಕು. ಮುಂದಿನ ಚಕ್ರಗಳಿಗೆ ಅಡ್ಡ ಕಲ್ಲು ಕೊಡಿ.

ಹಬ್ ಎಳೆದಾಗ ಬೇರಿಂಗಿನ ಒಂದು ಒಳ ರಿಂಗ್ ಹಬ್ಬಿಗೇ ಅಂಟಿ ಬರೋದು ಮಾಮೂಲು. ಅದನ್ನ ಪುಲ್ಲರ್‌ನಿಂದ ತೆಗೆಯಿರಿ. ಹಳೇ ಬೇರಿಂಗನ್ನ ಉದ್ದ ಬೋಲ್ಟ್, ದಪ್ಪ ಪ್ಲೇಟ್ ಇರುವ ಪುಲ್ಲರ್ ಕಿಟ್‌ನಿಂದ ಹೊರಗೆ ಎಳೀಬಹುದು. ಹೊಸದನ್ನ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ, ಅಲ್ಯುಮಿನಿಯಂ ಕ್ಯಾರಿಯರನ್ನ ಹೀಟ್ ಗನ್‌ನಿಂದ ಹದವಾಗಿ ಬಿಸಿ ಮಾಡಿ. ಒಂದೇ ಬಿಸಿಗೆ ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ. ಸಿಗೋ ಸಡಿಲ ಕೂದಲಿನ ದಪ್ಪಕ್ಕಿಂತ ಕಡಿಮೆ, ಆದ್ರೆ ಅಷ್ಟು ಸಾಕು. ನಮ್ಮೂರ ತೇವದಲ್ಲಿ ತಣ್ಣನೆ ಉಕ್ಕಿನ ಮೇಲೆ ತಕ್ಷಣ ಹನಿ ಕೂರುತ್ತೆ, ಅದಕ್ಕೇ ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟು, ಕೊನೇ ಗಳಿಗೆಯಲ್ಲಿ ಬಿಚ್ಚಿ. ಕೆಲವು ಗಾಡಿಗಳಲ್ಲಿ ಬೇರಿಂಗಿನ ಒಂದು ಬದಿಯ ಸೀಲ್‌ನಲ್ಲಿ ಎಬಿಎಸ್ ಸೆನ್ಸರಿಗಾಗಿ ಮ್ಯಾಗ್ನೆಟ್ ಇರುತ್ತೆ. ಅಂಥದ್ದಾದ್ರೆ ಆ ಬದಿ ಸೆನ್ಸರ್ ಕಡೆಗೇ ಬರಬೇಕು.

ಕೊನೆಯದು ಆಕ್ಸಲ್ ನಟ್. ಈ ಬೇರಿಂಗಿನ ಎರಡು ಒಳ ರಿಂಗ್‌ಗಳನ್ನ ಒಟ್ಟಿಗೆ ಬಿಗಿದು ಹಿಡಿಯೋದು ಆ ನಟ್ಟೇ. ಅದು ಸಡಿಲ ಇರುವಾಗ ಹೊಸ ಬೇರಿಂಗ್ ಮೇಲೆ ಗಾಡಿಯ ಭಾರ ಬಿಟ್ಟರೆ ಗುಂಡುಗಳು ಅಂಚಿಗೆ ಹತ್ತುತ್ತವೆ. ಅಲ್ಲಿಗೆ ಹೊಸ ಬೇರಿಂಗ್ ಮುಗೀತು. ಹೊಸ ನಟ್ ಹಾಕಿ, ಗಾಡಿ ಇಳಿಸೋ ಮೊದಲೇ ಬಿಗಿ ಮಾಡಿ. ಈ ಗಾಡಿಗೆ 460 ನ್ಯೂಟನ್ ಮೀಟರ್, ಅಂದ್ರೆ ಒಂದು ಮೀಟರ್ ಉದ್ದದ ರಾಡಿನ ತುದಿಗೆ ಸುಮಾರು 47 ಕೆ.ಜಿ. ತೂಗುಹಾಕಿದಷ್ಟು. ಚಕ್ರದ ಬೋಲ್ಟಿಗೆ ಬರೀ 130, ಹೋಲಿಸಿ ನೋಡಿ. ಮಾಮೂಲಿ ಟಾರ್ಕ್ ರೆಂಚ್ ಅಷ್ಟು ದೂರ ಹೋಗಲ್ಲ. ಟ್ರಕ್ ಗ್ಯಾರೇಜಿನಲ್ಲಿ ಮುಕ್ಕಾಲು ಇಂಚಿನದು ಇರುತ್ತೆ, ಕೇಳಿ ತನ್ನಿ. ಒಳಗೆ ಕೂತವರು ಬ್ರೇಕ್ ಒತ್ತಿ ಹಿಡಿಯಲಿ, ನೀವು ಜರ್ಕ್ ಇಲ್ಲದೆ ನಿಧಾನಕ್ಕೆ ಎಳೆಯಿರಿ. ಬೇರೆ ಗಾಡಿಯಾದ್ರೆ ಅದರ ಮ್ಯಾನ್ಯುಯಲ್‌ನ ಅಂಕಿಯನ್ನೇ ಹಿಡಿಯಿರಿ.

ಮಾಲಿನ ಬಗ್ಗೆಯೂ ಹುಷಾರು, ನಕಲಿ ಬೇರಿಂಗ್ ಇರೋದು ಸುಳ್ಳಲ್ಲ. ನಾಗದೇವಿ ಸ್ಟ್ರೀಟ್‌ನಲ್ಲಿ ತಗೊಂಡ್ರೂ ಬಿಲ್ ಕೇಳಿ. ಎಸ್‌ಕೆಎಫ್ ಆದ್ರೆ ಅವರದೇ ಆ್ಯಪ್‌ನಲ್ಲಿ ಫೋಟೋ ಕಳಿಸಿ ಅಸಲಿಯೇ ಅಂತ ಕೇಳಬಹುದು.

ಪುಲ್ಲರ್ ಕಿಟ್, ದೊಡ್ಡ ಟಾರ್ಕ್ ರೆಂಚ್, ಜೊತೆಗೊಬ್ಬರು. ಇವು ಮೂರೂ ಇದ್ರೆ ಒಂದು ಭಾನುವಾರದಲ್ಲಿ ಮುಗಿಯೋ ಕೆಲಸ. ಒಂದು ಇಲ್ಲದಿದ್ರೂ ಗ್ಯಾರೇಜಿಗೇ ಕೊಡಿ. ಕೊಡುವ ಮುಂಚೆ ಎರಡೇ ಪ್ರಶ್ನೆ ಕೇಳಿ: "ಯಾವ ರಿಂಗ್ ಮೇಲೆ ಒತ್ತುತ್ತೀರಿ? ನಟ್ ಎಷ್ಟಕ್ಕೆ ಬಿಗಿ ಮಾಡ್ತೀರಿ?" ಸರಿಯಾದ ಉತ್ತರ ಬಂದ್ರೆ ಕೀ ಕೊಡಿ.