ಜೇಬಿನಲ್ಲಿ ಅಡಗುವ ಸಾಲ್ಡರಿಂಗ್ ಐರನ್

ರೇಡಿಯೋ ಆಗಲಿ ಗಣಕವಾಗಲಿ, ಅದರ ಆಯುಷ್ಯವು ಅಕ್ಕಿಕಾಳಿಗಿಂತ ಚಿಕ್ಕದಾದ ಬೆಸುಗೆಗಳನ್ನು ಅವಲಂಬಿಸಿದೆ. ತವರ 63 ಭಾಗ, ಸೀಸ 37 ಭಾಗ ಸೇರಿದ ಬೆಸುಗೆಲೋಹವು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಆದರೂ ಐರನ್ನಿನ ತುದಿಯು ಸುಮಾರು 320ರಿಂದ 350 ಡಿಗ್ರಿಯಷ್ಟು ಕಾದಿರಬೇಕು. ಏಕೆ? ತುದಿ ಸೋಕಿದೊಡನೆ ತಾಮ್ರದ ಪಟ್ಟಿಯು ಅದರ ಕಾವನ್ನು ಹೀರಿಕೊಳ್ಳುತ್ತದೆ. ಆ ನಷ್ಟವನ್ನು ಒಡನೆಯೇ ತುಂಬಿಕೊಳ್ಳಲಾರದ ಐರನ್ನನ್ನು ಬಹಳ ಹೊತ್ತು ಒತ್ತಿ ಹಿಡಿಯಬೇಕಾಗುವುದು. ಆಗ ಟ್ರಾನ್ಸಿಸ್ಟರು ಕೆಡಬಹುದು, ಪಟ್ಟಿಯೇ ಹಲಗೆಯಿಂದ ಕಿತ್ತುಬರಬಹುದು. ಬೇಗನೆ ತೆಗೆದರೋ, ಬೆಸುಗೆಯು ಕೂಡಿದಂತೆ ಕಂಡರೂ ಕೂಡಿರುವುದಿಲ್ಲ.

ಆದುದರಿಂದ ಕೊಳ್ಳುವವರು ಮೊದಲು ನೋಡಬೇಕಾದುದು ಗಾತ್ರವನ್ನಲ್ಲ, ಕಾವನ್ನು ಪೂರೈಸುವ ಸಾಮರ್ಥ್ಯವನ್ನು. ಒಣಕೋಶಗಳಿಂದ ನಡೆಯುವ ಐರನ್ ಒಂದೆರಡು ಸಣ್ಣ ತಂತಿಗಳಿಗಷ್ಟೇ ಸಾಕು. ಬ್ಯೂಟೇನ್ ಅನಿಲದ್ದಕ್ಕೆ ವಿದ್ಯುತ್ತೇ ಬೇಡ. ಬಯಲಿನ ಕೆಲಸಕ್ಕೆ ಒಳ್ಳೆಯದು. ಆದರೆ ಅದು ಹೊರಬಿಡುವ ಬಿಸಿಗಾಳಿ ಪಕ್ಕದ ಪ್ಲಾಸ್ಟಿಕನ್ನು ಸುಡಬಲ್ಲುದು. ಮೂರನೆಯದು, ಯುಎಸ್‌ಬಿ-ಸಿ ಚಾರ್ಜರಿನಿಂದ ನಡೆಯುವ, ತುದಿಯೊಳಗೇ ಉಷ್ಣತೆಯನ್ನು ಅಳೆಯುವ ಏರ್ಪಾಡುಳ್ಳ ಬಗೆ. ಎಲೆಕ್ಟ್ರಾನಿಕ್ಸ್ ಕಲಿಯುವ ವಿದ್ಯಾರ್ಥಿಗೆ ಇದೇ ಮೇಲು.

ಇಲ್ಲೊಂದು ಲೆಕ್ಕವುಂಟು. ಕಾಯಿಸುವ ತಂತಿಯ ರೋಧ 8 ಓಮ್ ಎನ್ನೋಣ. 12 ವೋಲ್ಟಿನಲ್ಲಿ ಅದು ಪಡೆಯುವ ಶಕ್ತಿ 18 ವಾಟ್. 24 ವೋಲ್ಟಿನಲ್ಲಿ 72 ವಾಟ್. ವೋಲ್ಟೇಜು ಇಮ್ಮಡಿಯಾದರೆ ಶಕ್ತಿ ನಾಲ್ಮಡಿ! ದುರ್ಬಲ ಚಾರ್ಜರಿಗೆ ಜೋಡಿಸಿದ ಉತ್ತಮ ಐರನ್ನೂ ಸೋಲುವುದು.

ತುದಿಯ ತಿರುಳು ತಾಮ್ರ, ಮೇಲಿನ ಲೇಪ ಕಬ್ಬಿಣ. ಕರಗಿದ ತವರವು ತಾಮ್ರವನ್ನು ತಿನ್ನುವುದರಿಂದ ಈ ಕವಚ ಅವಶ್ಯ; ಅದನ್ನು ಅರದಿಂದ ಉಜ್ಜಬಾರದು. ಬದಲಿ ತುದಿಗಳು ಸುಲಭವಾಗಿ ದೊರೆಯುವ ಐರನ್ನನ್ನೇ ಆರಿಸಿರಿ. ಗಾಳಿಯಾಡುವೆಡೆ ಕುಳಿತು ಕೆಲಸ ಮಾಡಿರಿ. ಮುಗಿದೊಡನೆ ಕೈ ತೊಳೆಯಿರಿ, ಸೀಸವು ವಿಷ.