ಯಂತ್ರ ಸೋವಿ, ಆಟ ತುಟ್ಟಿ

ಕಳ್ಳಕವಟಗಿಯ ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುವ ಹುಡುಗನ ಕಿಸೆಯಲ್ಲಿರುವ ಫೋನು ಯಾವ ಕಂಪನಿಯದೇ ಇರಲಿ, ಒಳಗೆ ಓಡುವುದು ಹೆಚ್ಚಾಗಿ ಆಂಡ್ರಾಯ್ಡೇ. ವಿಂಡೋಸ್ ಕೂಡ ಹಾಗೆಯೇ, ಯಾರು ಮಾಡಿದ ಕಂಪ್ಯೂಟರಿಗಾದರೂ ಸಿಗುತ್ತದೆ. ಆದರೆ ಸೋನಿಯ ಪ್ಲೇಸ್ಟೇಷನ್, ನಿಂಟೆಂಡೋದ ಸ್ವಿಚ್ ಯಂತ್ರಗಳ ಆಪರೇಟಿಂಗ್ ಸಿಸ್ಟಮ್ ದುಡ್ಡು ಕೊಡುತ್ತೇವೆಂದರೂ ಬೇರೆಯವರಿಗೆ ಸಿಗದು. ಏಕೆ?

2017ರಲ್ಲಿ ಬಂದ ಜಿಯೋಫೋನ್ ನೆನಪಿರಬಹುದು. 1,500 ರೂಪಾಯಿ ಠೇವಣಿಗೆ ಫೋನ್ ಸಿಕ್ಕಿತು, ಬೇರೆ ಕಂಪನಿಯ ಸಿಮ್ ಮಾತ್ರ ನಡೆಯುತ್ತಿರಲಿಲ್ಲ. ಗೇಮ್ ಕಂಪನಿಗಳ ಲೆಕ್ಕವೂ ಇದೇ. 2006ರಲ್ಲಿ ಪ್ಲೇಸ್ಟೇಷನ್ 3 ಮಾರುಕಟ್ಟೆಗೆ ಬಂದಾಗ ಸೋನಿ ಅದನ್ನು ತಯಾರಿಕೆಯ ಖರ್ಚಿಗಿಂತ ಕಡಿಮೆ ಬೆಲೆಗೆ ಮಾರಿತು. ಆ ನಷ್ಟ ತುಂಬಬೇಕಾದದ್ದು ಆಟಗಳಿಂದ. ಬೇರೆಯವರು ಮಾಡಿದ ಆಟ ಕಂಪನಿಯ ಡಿಜಿಟಲ್ ಅಂಗಡಿಯಲ್ಲಿ ಮಾರಾಟವಾದರೆ ಸಾಮಾನ್ಯವಾಗಿ ಶೇ 30ರಷ್ಟು ಕಂಪನಿಗೆ. ಯಾವ ಆಟ ಓಡಬೇಕು, ಯಾವುದು ಓಡಬಾರದು ಎಂದು ನಿರ್ಧರಿಸುವುದೇ ಆಪರೇಟಿಂಗ್ ಸಿಸ್ಟಮ್. ಅದನ್ನು ಬಿಟ್ಟುಕೊಟ್ಟರೆ ವಸೂಲಿಯೂ ಕೈಬಿಟ್ಟಂತೆ.

ಪ್ಲೇಸ್ಟೇಷನ್ 3ರಲ್ಲಿ ಲಿನಕ್ಸ್ ಹಾಕಿಕೊಳ್ಳಲು ಸೋನಿ ಮೊದಲು ಬಿಟ್ಟಿತ್ತು. ಅಮೆರಿಕದ ವಾಯುಪಡೆ 1,700ಕ್ಕೂ ಹೆಚ್ಚು ಯಂತ್ರಗಳನ್ನು ಜೋಡಿಸಿ ಸೂಪರ್‌ಕಂಪ್ಯೂಟರನ್ನೇ ಕಟ್ಟಿತು. ಆಟ ಕೊಳ್ಳದ ಇಂಥ ಗಿರಾಕಿಯಿಂದ ಕಂಪನಿಗೆ ಏನು ಗಿಟ್ಟೀತು? 2010ರ ಏಪ್ರಿಲ್‌ನಲ್ಲಿ ಭದ್ರತೆಯ ಕಾರಣ ಹೇಳಿ ಸೋನಿ ಆ ಸೌಲಭ್ಯ ತೆಗೆದುಹಾಕಿತು.

ಬೀಗವಿಲ್ಲದಿದ್ದರೆ ಏನಾಗುತ್ತದೆಂದು 90ರ ದಶಕದಲ್ಲಿ ನಮ್ಮ ಊರುಗಳೇ ನೋಡಿವೆ. 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೋದ ಫ್ಯಾಮಿಕಾಮ್‌ಗೆ ನಕಲಿ ತಡೆಯುವ ಚಿಪ್ ಇರಲಿಲ್ಲ. ಅದರ ನಕಲುಗಳೇ ಇಲ್ಲಿ ಟಿವಿ ಗೇಮ್ ಎಂದು ಮನೆಮನೆಗೆ ಬಂದವು. ಹಳದಿ ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳೆಂದು ಬರೆದಿರುತ್ತಿತ್ತು, ಒಳಗೆ ಅವವೇ ನಾಲ್ಕಾರು ಆಟ ತಿರುಗಿ ತಿರುಗಿ ಬರುತ್ತಿದ್ದವು. ಆ ನಕಲುಗಳಲ್ಲಿ ಮಾರಿಯೋ, ಕಾಂಟ್ರಾ ಆಡಿ ಬೆಳೆದ ತಲೆಮಾರಿನಿಂದ ನಿಂಟೆಂಡೋಗೆ ಬಿಡಿಗಾಸೂ ಸಿಗಲಿಲ್ಲ.

ಪರವಾನಗಿ ಕೊಟ್ಟು ನೋಡಿದವರೂ ಇದ್ದಾರೆ. 1993ರಲ್ಲಿ 3ಡಿಒ ಕಂಪನಿ ತನ್ನ ವಿನ್ಯಾಸವನ್ನು ಪ್ಯಾನಸೋನಿಕ್‌ನಂಥವರಿಗೆ ಕೊಟ್ಟಿತು. ಆಟಗಳ ರಾಯಲ್ಟಿ 3ಡಿಒಗೆ ಹೋಗುತ್ತಿದ್ದುದರಿಂದ ತಯಾರಕರು ಯಂತ್ರದಲ್ಲೇ ಲಾಭ ತೆಗೆಯಬೇಕಾಯಿತು. ಬೆಲೆ 699 ಡಾಲರಿಗೆ ಹೋಯಿತು. ಎರಡು ವರ್ಷದಲ್ಲಿ ಸೋನಿ 299 ಡಾಲರಿಗೆ ಪ್ಲೇಸ್ಟೇಷನ್ ತಂದಿತು, 3ಡಿಒ ಉಳಿಯಲಿಲ್ಲ. ಇದು ಆಟದ ಯಂತ್ರಗಳ ಕತೆಯಷ್ಟೇ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ಕೂಡ ಲಿನಕ್ಸ್ ನಂಬಿ, ವಿನ್ಯಾಸವನ್ನು ಪರವಾನಗಿಯ ಮೇಲೆ ಇತರರಿಗೆ ತೆರೆದಿಟ್ಟಿತ್ತು. ಯಂತ್ರದ ಖರ್ಚು ಹೊರುವ ಬೇರೆ ಆದಾಯ ಅದಕ್ಕೂ ಇರಲಿಲ್ಲ. ಬಡವರಿಗೆಂದು ಹುಟ್ಟಿದ ಯಂತ್ರ 2004ರಲ್ಲಿ ಅಂಗಡಿಗೆ ಬಂದಾಗ ಬೆಲೆ ಹತ್ತು ಸಾವಿರದ ಆಸುಪಾಸಿನಿಂದ ಶುರುವಾಗುತ್ತಿತ್ತು.

ಈಗ ವಾಲ್ವ್ ಕಂಪನಿ ತನ್ನ ಆಪರೇಟಿಂಗ್ ಸಿಸ್ಟಮ್ ಸ್ಟೀಮ್‌ಓಎಸ್ ಅನ್ನು ಹೊರಗಿನವರಿಗೂ ಕೊಟ್ಟಿದೆ, 2025ರಲ್ಲಿ ಲೆನೊವೊ ಯಂತ್ರವೊಂದು ಅದರೊಂದಿಗೇ ಬಂತು. ಇದರಲ್ಲಿ ಔದಾರ್ಯ ಹುಡುಕಬೇಕಿಲ್ಲ. ಯಂತ್ರ ಯಾರದಾದರೂ ಆಟ ಮಾರುವ ಸ್ಟೀಮ್ ಅಂಗಡಿ ವಾಲ್ವ್‌ನದೇ.

ಮಕ್ಕಳ ಹಟಕ್ಕೆ ಕನ್ಸೋಲ್ ಕೊಳ್ಳಲು ಹೊರಟವರು ಒಂದು ಲೆಕ್ಕ ಹಾಕಿಕೊಳ್ಳಲಿ. 2021ರಲ್ಲಿ ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಾಗ ಡಿಸ್ಕ್ ಹಾಕುವ ಯಂತ್ರದ ಬೆಲೆ 49,990 ರೂಪಾಯಿ, ಸೋನಿಯದೇ ದೊಡ್ಡ ಹೊಸ ಆಟವೊಂದಕ್ಕೆ 4,999. ಹತ್ತು ಆಟ ಕೊಂಡರೆ ಇನ್ನೊಂದು ಯಂತ್ರದ ದುಡ್ಡು ಹೋಯಿತು.