ಮೊಲ ಹೋಯಿತು, ಸ್ಕುವಾ ಬಡವಾಯಿತು

ಟಾಸ್ಮೇನಿಯಾದಿಂದ ಸುಮಾರು 1,500 ಕಿಲೋಮೀಟರ್ ದೂರದಲ್ಲಿ, ಅಂಟಾರ್ಕ್ಟಿಕಾದ ಅರ್ಧ ದಾರಿಯಲ್ಲಿ, ಮ್ಯಾಕ್ವಾರಿ ಎಂಬ ದ್ವೀಪವಿದೆ. ಉದ್ದ 34 ಕಿಲೋಮೀಟರ್, ಅಗಲ ಐದೇ ಐದು. ಹುಡುಕಿದರೂ ಅಲ್ಲೊಂದು ಮರ ಸಿಗದು. ಬೀಸುವ ಗಾಳಿ, ಸೊಂಟದೆತ್ತರದ ಹುಲ್ಲು, ದಡದ ತುಂಬ ಪೆಂಗ್ವಿನ್‌ಗಳು. ಈ ದ್ವೀಪದಲ್ಲಿ ಮೊಲ, ಇಲಿ, ಚಿಟ್ಟಿಲಿ ಮೂರೂ ನಿರ್ನಾಮವಾದವೆಂದು 2014ರಲ್ಲಿ ಘೋಷಣೆಯಾಯಿತು. ಖರ್ಚಾದದ್ದು ಸುಮಾರು 2.5 ಕೋಟಿ ಆಸ್ಟ್ರೇಲಿಯನ್ ಡಾಲರ್. ಗೆದ್ದ ಜೀವಿಗಳ ಪಟ್ಟಿ ಉದ್ದವಿದೆ. ಪೆಟ್ಟು ತಿಂದವರಲ್ಲಿ ಎದ್ದು ಕಾಣುವುದು ಕಂದು ಸ್ಕುವಾ.

ಸ್ಕುವಾ ಕಡಲಹಕ್ಕಿಯಾದರೂ ಸ್ವಭಾವದಲ್ಲಿ ಪಕ್ಕಾ ಬೇಟೆಗಾರ. ಕಾಲಿಗೆ ಈಜುವ ಜಾಲ, ಅದರ ತುದಿಯಲ್ಲಿ ಚೂಪು ಉಗುರು, ಕೊಕ್ಕಿನ ಕೊನೆಗೆ ಕೊಕ್ಕೆ. ಪೆಂಗ್ವಿನ್ ಕೇರಿಗೆ ಜೋಡಿಯಾಗಿ ನುಗ್ಗಿದರೆ ಒಂದು ಎದುರು ನಿಂತು ಕೆಣಕುತ್ತದೆ, ಇನ್ನೊಂದು ಹಿಂದಿನಿಂದ ಬಂದು ಮೊಟ್ಟೆ ಹಾರಿಸುತ್ತದೆ. ಬಿಲದಲ್ಲಿ ಗೂಡು ಮಾಡುವ ಪೆಟ್ರೆಲ್ ಹಕ್ಕಿಗಳು ಇವಕ್ಕೆ ಹೆದರಿಯೇ ಕತ್ತಲಾದ ಮೇಲೆ ಮನೆ ಸೇರುತ್ತವೆ. ಆದರೂ ಬೆಳಿಗ್ಗೆ ಸ್ಕುವಾ ಗೂಡಿನ ಸುತ್ತ ನೋಡಿದರೆ ಎರಡು ರೆಕ್ಕೆ, ನಡುವೆ ಬೋಳು ಎದೆಮೂಳೆ ಬಿದ್ದಿರುತ್ತವೆ. ಈ ಎಂಜಲನ್ನು ಎಣಿಸಿಯೇ ಸಂಶೋಧಕರು ಹಕ್ಕಿಯ ಊಟದ ಲೆಕ್ಕ ಬರೆಯುವುದು. ಮೊದಲೆಲ್ಲ ಆ ರಾಶಿಯಲ್ಲಿ ಮೊಲದ ಮೂಳೆಗಳು ಧಾರಾಳವಾಗಿದ್ದವು.

ಮೊಲಗಳನ್ನು 1870ರ ದಶಕದಲ್ಲಿ ತಂದು ಬಿಟ್ಟವರು ಸೀಲ್ ಬೇಟೆಗಾರರು, ತಮ್ಮ ಊಟಕ್ಕೆಂದು. ಬೆಕ್ಕುಗಳು ಅದಕ್ಕೂ ಹಲವು ದಶಕ ಮೊದಲೇ ಬಂದಿದ್ದವು. ದ್ವೀಪಕ್ಕೇ ವಿಶಿಷ್ಟವಾಗಿದ್ದ ಒಂದು ಗಿಳಿ ಅಷ್ಟೂ ಕಾಲ ಬೆಕ್ಕಿನ ಜೊತೆ ಹೇಗೋ ಬದುಕಿಕೊಂಡಿತ್ತು. ಮೊಲ ಬಂದ ಮೇಲೆ ಬೆಕ್ಕಿಗೆ ಚಳಿಗಾಲದಲ್ಲೂ ಹೊಟ್ಟೆ ತುಂಬತೊಡಗಿತು, ಬೆಕ್ಕಿನ ಸಂತತಿ ಬೆಳೆಯಿತು, ಇಪ್ಪತ್ತು ವರ್ಷ ತುಂಬುವ ಮೊದಲೇ ಗಿಳಿ ಅಳಿಯಿತು. ಹುಲ್ಲು ತಿನ್ನುವ ಮೊಲ ಗಿಳಿಯನ್ನು ಮುಟ್ಟಿಯೂ ಇರಲಿಲ್ಲ!

ಒಂದನ್ನು ಸರಿಪಡಿಸಲು ಹೋಗಿ ಮತ್ತೊಂದು ಕೆಡುವುದು ಇಲ್ಲಿ ಮಾಮೂಲು. 1978ರಲ್ಲಿ ಮೊಲಗಳಿಗೆ ಮಿಕ್ಸೊಮಟೋಸಿಸ್ ರೋಗ ಹಬ್ಬಿಸಿದರು. ಮೊಲ ಇಳಿಮುಖವಾಯಿತು, ಹಸಿದ ಬೆಕ್ಕುಗಳು ಕಡಲಹಕ್ಕಿಗಳ ಮೇಲೆ ಬಿದ್ದವು. ಬೆಕ್ಕುಗಳನ್ನು ಮುಗಿಸಲು 2000ದವರೆಗೆ ಹಿಡಿಯಿತು. ಅಷ್ಟರಲ್ಲಿ ರೋಗದ ವೈರಸ್ ತಯಾರಿಕೆಯೇ ನಿಂತುಹೋಗಿ ಮೊಲಗಳು ಮತ್ತೆ ಲಕ್ಷ ದಾಟಿದವು. ಬೆಟ್ಟದ ಇಳಿಜಾರು ಬೋಳಾಯಿತು. 2006ರಲ್ಲಿ ಗುಡ್ಡ ಕುಸಿದು ಪೆಂಗ್ವಿನ್‌ಗಳು ಮಣ್ಣಿನಡಿ ಸತ್ತವು.

ಕೊನೆಗೆ ಎಲ್ಲವನ್ನೂ ಒಟ್ಟಿಗೆ ತೆಗೆಯುವುದೆಂದಾಯಿತು. 2010ರಲ್ಲಿ ಹೆಲಿಕಾಪ್ಟರ್‌ಗಳು ಬ್ರೋಡಿಫೇಕಮ್ ಬೆರೆಸಿದ ಗುಳಿಗೆ ಚೆಲ್ಲತೊಡಗಿದವು. ಇದು ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ. ಬಹುಪಾಲು ಸ್ಕುವಾಗಳು ಕಡಲಿಗೆ ಹೋಗಿರುವ ಚಳಿಗಾಲವನ್ನೇ ಇದಕ್ಕೆ ಆರಿಸಿಕೊಂಡಿದ್ದರು. ಹವಾಮಾನ ಕೈಕೊಟ್ಟು ಆ ವರ್ಷ ಕೆಲಸ ಅರ್ಧಕ್ಕೇ ನಿಂತಿತು. ವಿಷ ತಿಂದು ಸತ್ತ ಮೊಲಗಳನ್ನು ತಿಂದ ಸ್ಕುವಾ, ಗಲ್, ದೈತ್ಯ ಪೆಟ್ರೆಲ್‌ಗಳೂ ಸತ್ತವು. 2011ರಲ್ಲಿ ಜಾಣತನ ಮಾಡಿದರು: ಮೊದಲು ಮೊಲಗಳಿಗೆ ಮಾತ್ರ ತಗಲುವ ಇನ್ನೊಂದು ವೈರಸ್ ಬಿಟ್ಟು ಅವನ್ನು ಕಡಿಮೆ ಮಾಡಿದರು, ವಿಷ ಆಮೇಲೆ. ಆದರೂ ಎರಡು ಋತುಗಳಲ್ಲಿ ಸಿಕ್ಕ ಹಕ್ಕಿಗಳ ಶವ 2,000 ಮೀರಿತು. ವಿಷಕ್ಕೂ ಉಳಿದ ಮೊಲಗಳು ಹದಿಮೂರು; ಅವನ್ನು ಮುಗಿಸಲು ತರಬೇತಾದ ನಾಯಿಗಳೂ ಬೇಟೆಗಾರರೂ ಇಳಿದರು.

ಫಲ ಬೇಗ ಕಾಣಿಸಿತು. ಹುಲ್ಲು ಚಿಗುರಿತು, ಮೊಲಗಳು ಬೇರುಸಹಿತ ಕೆದಕಿ ತಿನ್ನುತ್ತಿದ್ದ ಅಗಲ ಎಲೆಯ ಮ್ಯಾಕ್ವಾರಿ ಎಲೆಕೋಸು ಇಳಿಜಾರುಗಳಿಗೆ ಮರಳಿತು. ಆದರೆ ವಿಷದಲ್ಲಿ ಬದುಕುಳಿದ ಸ್ಕುವಾಗಳಿಗೆ ಊಟವೇ ಬದಲಾಗಿತ್ತು. 2021ರಲ್ಲಿ ಜರ್ನಲ್ ಆಫ್ ಅಪ್ಲೈಡ್ ಎಕಾಲಜಿಯಲ್ಲಿ ಬಂದ ಅಧ್ಯಯನವೊಂದು ಮೊಲ ಇದ್ದಾಗಿನ ಮತ್ತು ಹೋದ ಮೇಲಿನ ದಾಖಲೆಗಳನ್ನು ಹೋಲಿಸಿತು. ಸ್ಕುವಾ ಗೂಡುಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು, ಮರಿಗಳನ್ನು ಬೆಳೆಸುವುದರಲ್ಲೂ ಹಿಂದೆ ಬಿದ್ದಿದ್ದವು. ಮೊಲದ ಜಾಗಕ್ಕೆ ಪೆಂಗ್ವಿನ್ ಬಂದಿತ್ತು. ಸ್ಕುವಾ ವರ್ಷಕ್ಕಿಡುವುದು ಸಾಮಾನ್ಯವಾಗಿ ಎರಡೇ ಮೊಟ್ಟೆ; ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಅದಕ್ಕೆ ವರ್ಷಗಟ್ಟಲೆ ಬೇಕು.

ಇದನ್ನು ನಷ್ಟವೆನ್ನಬೇಕೆ? ಮೊಲ ಬರುವ ಮೊದಲು ಸ್ಕುವಾಗಳನ್ನು ಯಾರೂ ಎಣಿಸಿಟ್ಟಿಲ್ಲ. ನೂರು ವರ್ಷಕ್ಕೂ ಮಿಕ್ಕಿ ಸಿಕ್ಕ ಬಿಟ್ಟಿ ಊಟದಲ್ಲಿ ಅವು ಅತಿಯಾಗಿ ಹೆಚ್ಚಿದ್ದಿರಲೂಬಹುದು. ಹಾಗಿದ್ದರೆ ಈಗಿನ ಇಳಿಕೆ ಹಳೆಯ ಅಳತೆಗೆ ಮರಳುವ ದಾರಿ. ಬೆಕ್ಕು, ಇಲಿಗಳ ಕಾಟವಿಲ್ಲದೆ ಬೂದು ಪೆಟ್ರೆಲ್, ನೀಲಿ ಪೆಟ್ರೆಲ್‌ಗಳು ಮತ್ತೆ ಬಿಲ ತೋಡುತ್ತಿವೆ; ಅವು ಹೆಚ್ಚಿದಂತೆ ಸ್ಕುವಾಗಳ ತಟ್ಟೆಯೂ ತುಂಬೀತು. ಆದರೆ ಅಲ್ಲಿಯವರೆಗಿನ ನಡುಗಾಲ ಅಪಾಯದ್ದು. 2023ರ ಅಕ್ಟೋಬರ್‌ನಲ್ಲಿ ದಕ್ಷಿಣ ಜಾರ್ಜಿಯಾದ ಬಳಿಯ ಬರ್ಡ್ ಐಲೆಂಡ್‌ಗೆ ಎಚ್5ಎನ್1 ಹಕ್ಕಿಜ್ವರ ಬಂದಾಗ ಮೊದಲು ಸೋಂಕು ಪತ್ತೆಯಾದದ್ದು ಕಂದು ಸ್ಕುವಾಗಳಲ್ಲೇ. ಸತ್ತದ್ದನ್ನು ತಿನ್ನುವ ಹಕ್ಕಿಗೆ ಅಂಟುರೋಗ ಬೇಗ ತಗಲುತ್ತದೆ. ಅರ್ಧಕ್ಕಿಳಿದ ಸಂಖ್ಯೆಗೆ ಅಂಥ ಪೆಟ್ಟು ತಾಳುವ ಶಕ್ತಿ ಕಡಿಮೆ.

ಮೊಲ, ಇಲಿಗಳನ್ನು ತೆಗೆದದ್ದು ತಪ್ಪಲ್ಲ. ತೆಗೆಯದಿದ್ದರೆ ದ್ವೀಪವೇ ಬೋಳಾಗುತ್ತಿತ್ತು. ಕೊರತೆ ಇದ್ದದ್ದು ಮುಂದಾಲೋಚನೆಯಲ್ಲಿ. ದಕ್ಷಿಣ ಆಫ್ರಿಕಾ ಈಗ ತನ್ನ ಮರಿಯನ್ ದ್ವೀಪದಿಂದ ಚಿಟ್ಟಿಲಿಗಳನ್ನು ತೆಗೆಯಲು ಸಿದ್ಧತೆ ನಡೆಸಿದೆ. ಅಲ್ಲೂ ಸ್ಕುವಾಗಳಿವೆ. ವಿಷ ಚೆಲ್ಲುವ ಮೊದಲು ಅವುಗಳ ಎಣಿಕೆಗೆ, ಚೆಲ್ಲಿದ ಮೇಲೆ ಹತ್ತಾರು ವರ್ಷಗಳ ನಿಗಾಕ್ಕೆ ಯೋಜನೆಯ ಹಣದಲ್ಲೇ ಒಂದು ಪಾಲು ತೆಗೆದಿಡಬೇಕು.